ಸ್ಟೀಮ್ ಮೊನಾಪಲಿಯೇ? ಸ್ಪರ್ಧಾ ಕಾನೂನಿನ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯ):
ಮೇಡಂ, ನಮಸ್ಕಾರ. ಪಿಸಿ ಗೇಮ್ ಆಡುವ ನಮ್ಮ ಗೆಳೆಯರ ಗುಂಪಿನಲ್ಲಿ ಈಗ ಇದೇ ಜಗಳ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಇದೆಯಲ್ಲ, ಅದು ಮೊನಾಪಲಿ (ಏಕಸ್ವಾಮ್ಯ) ಅಂತ ಒಬ್ಬ, ಖಂಡಿತ ಅಲ್ಲ ಅಂತ ಇನ್ನೊಬ್ಬ. ಮೊನಾಪಲಿ ಅನ್ನುವವನ ವಾದ ಇದು: ಗೇಮ್ ಮಾಡಿದವರು ಯಾರೇ ಆಗಲಿ ಸ್ಟೀಮ್‌ನಲ್ಲಿ ಇಡದೆ ವಿಧಿಯಿಲ್ಲ, ಅವರು 30% ಕಮಿಷನ್ ಹಿಡಿದುಕೊಳ್ಳುತ್ತಾರೆ, ಅದಕ್ಕೇ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಕೇಸು ಬಿದ್ದಿದೆ. ಇನ್ನೊಬ್ಬ ಹೇಳುವುದು: ಬೇರೆ ಅಂಗಡಿಗಳಿಲ್ಲವೇ, ಎಪಿಕ್ ಇದೆ, ಜಿಒಜಿ ಇದೆ, ಮೈಕ್ರೋಸಾಫ್ಟ್ ಸ್ಟೋರ್ ಇದೆ, ಎಪಿಕ್‌ನವರು ವಾರವಾರ ಪುಕ್ಕಟೆ ಗೇಮ್ ಕೊಟ್ಟರೂ ಜನ ಸ್ಟೀಮ್‌ನಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ ಅಂದರೆ ಅದು ಸ್ಟೀಮ್‌ನ ಯೋಗ್ಯತೆ. ಕಾನೂನು ಯಾರ ಕಡೆಗಿದೆ?

ವಕೀಲರ ಉತ್ತರ:
ನಿಮ್ಮ ಗೆಳೆಯರಿಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ. ಸ್ಟೀಮ್ ಎಷ್ಟು ದೊಡ್ಡದು ಅನ್ನುವುದರ ಮೇಲೆ ಒಬ್ಬರ ಕಣ್ಣು, ಅದು ಹೇಗೆ ದೊಡ್ಡದಾಯಿತು ಅನ್ನುವುದರ ಮೇಲೆ ಇನ್ನೊಬ್ಬರದು. ಕೋರ್ಟು ಎರಡನ್ನೂ ಕೇಳುತ್ತದೆ. ಆಮೇಲೆ ಕೇಳುವ ಮೂರನೆಯ ಪ್ರಶ್ನೆಯಲ್ಲೇ ಸೋಲು ಗೆಲುವು ಇರುವುದು: ದೊಡ್ಡವರಾದ ಮೇಲೆ ಇವರು ಏನು ಮಾಡಿದರು?

ಮೊದಲು ಗಾತ್ರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಊರಿನ ವಾಲ್ವ್ ಕಂಪನಿ 2003ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಶುರು ಮಾಡಿತು. ಆಗ ಅದು ಅಂಗಡಿಯೇ ಆಗಿರಲಿಲ್ಲ. ತಮ್ಮದೇ ಗೇಮ್‌ಗಳಿಗೆ ಅಪ್‌ಡೇಟ್ ಕಳಿಸುವ ವ್ಯವಸ್ಥೆ. 2004ರಲ್ಲಿ ಹಾಫ್-ಲೈಫ್ 2 ಬಂದಾಗ ಡಿಸ್ಕ್ ಕೊಂಡು ತಂದವರೂ ಸ್ಟೀಮ್ ಹಾಕಿಕೊಳ್ಳಲೇಬೇಕಾಯಿತು. 2005ರಿಂದ ಬೇರೆಯವರ ಗೇಮ್‌ಗಳೂ ಬಂದವು. 2025ರಲ್ಲಿ ಒಂದೇ ಹೊತ್ತಿಗೆ 4 ಕೋಟಿಗೂ ಹೆಚ್ಚು ಜನ ಸ್ಟೀಮ್‌ನಲ್ಲಿದ್ದ ದಾಖಲೆ ಇದೆ. ಇಎ, ಯೂಬಿಸಾಫ್ಟ್‌ನಂಥ ದೊಡ್ಡ ಪಬ್ಲಿಷರ್‌ಗಳು (ಗೇಮ್ ಹೊರತರುವ ಕಂಪನಿಗಳು) ಸ್ವಂತ ಅಂಗಡಿ ನೆಚ್ಚಿಕೊಂಡು ಸ್ಟೀಮ್ ಬಿಟ್ಟು ಹೋಗಿ, ಇಎ 2019ರಲ್ಲಿ, ಯೂಬಿಸಾಫ್ಟ್ 2022ರಲ್ಲಿ ವಾಪಸು ಬಂದರು. 10% ಕಮಿಷನ್ ಸಾಕು ಅಂದ ಚಾಟ್ ಆ್ಯಪ್ ಡಿಸ್ಕಾರ್ಡ್‌ನ ಅಂಗಡಿ 2019ರಲ್ಲೇ ಬಾಗಿಲು ಹಾಕಿತು. ನನ್ನ ಮಟ್ಟಿಗೆ ಯಾವ ಶೇಕಡಾವಾರು ಅಂಕಿಗಿಂತಲೂ ಇವು ದೊಡ್ಡ ಸಾಕ್ಷಿ. ದುಡ್ಡು, ಹೆಸರು, ಸ್ವಂತ ಗೇಮ್‌ಗಳು ಎಲ್ಲ ಇದ್ದವರಿಗೇ ಹೊರಗೆ ನಿಲ್ಲಲು ಆಗಲಿಲ್ಲ ಅಂದಮೇಲೆ ಪಿಸಿ ಗೇಮ್ ಮಾರಾಟದಲ್ಲಿ ಸ್ಟೀಮ್ ಪ್ರಬಲ ಸ್ಥಾನದಲ್ಲಿದೆ ಅನ್ನಲು ನಾನು ಹಿಂಜರಿಯುವುದಿಲ್ಲ.

ಆದರೆ ಪ್ರಬಲ ಸ್ಥಾನದಲ್ಲಿರುವುದು ತಪ್ಪಲ್ಲ. ನಮ್ಮ 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ನಿಷೇಧಿಸುವುದು ಆ ಸ್ಥಾನದ ದುರುಪಯೋಗವನ್ನು. ಹಿಂದಿನ 1969ರ ಎಂಆರ್‌ಟಿಪಿ ಕಾಯ್ದೆಗೆ, ಅಂದರೆ ಏಕಸ್ವಾಮ್ಯ ತಡೆಯುವ ಹಳೆಯ ಕಾಯ್ದೆಗೆ, ಗಾತ್ರವೇ ಒಂದು ಕಳವಳವಾಗಿತ್ತು, ಆ ಕಾಲ ಹೋಯಿತು. ಅಮೆರಿಕದಲ್ಲೂ ಅಷ್ಟೇ. 1890ರ ಶರ್ಮನ್ ಕಾಯ್ದೆಯ ಕೆಳಗೆ, ಒಳ್ಳೆಯ ಸರಕು ಮತ್ತು ವ್ಯಾಪಾರದ ಜಾಣ್ಮೆಯಿಂದ ಬೆಳೆದವರು ಬೇರೆ, ಬೇಕೆಂದೇ ಬೇರೆಯವರ ದಾರಿ ಮುಚ್ಚಿ ಬೆಳೆದವರು ಅಥವಾ ಹಾಗೆ ಮುಚ್ಚಿ ಉಳಿದವರು ಬೇರೆ ಅಂತ ಅಲ್ಲಿನ ಸುಪ್ರೀಂ ಕೋರ್ಟು 1966ರ ಗ್ರಿನೆಲ್ ತೀರ್ಪಿನಲ್ಲಿ ಗೆರೆ ಎಳೆದಿದೆ. ಹಾಗಾಗಿ ‘ಬೇರೆ ಅಂಗಡಿಗಳೂ ಇವೆಯಲ್ಲ’ ಅನ್ನುವುದು ವಾಲ್ವ್‌ಗೆ ಪೂರ್ತಿ ರಕ್ಷಣೆ ಕೊಡುವುದಿಲ್ಲ. ‘ಎಲ್ಲರೂ ಅಲ್ಲೇ ಕೊಳ್ಳುತ್ತಾರಲ್ಲ’ ಅಂದ ಮಾತ್ರಕ್ಕೆ ವಾಲ್ವ್ ತಪ್ಪಿತಸ್ಥ ಆಗುವುದೂ ಇಲ್ಲ.

ಪ್ರಶ್ನೆ (ಅದೇ ಸದಸ್ಯ):
ಹಾಗಾದರೆ ಆ 30%? ಅದೇ ದುರುಪಯೋಗ ಅಲ್ಲವೇ ಮೇಡಂ?

ವಕೀಲರ ಉತ್ತರ:
ಬರೀ 30% ಅಂದರೆ ಕೇಸು ನಿಲ್ಲುವುದಿಲ್ಲ. ವುಲ್ಫೈರ್ ಗೇಮ್ಸ್ ಎಂಬ ಸಣ್ಣ ಸ್ಟುಡಿಯೋ 2021ರ ಏಪ್ರಿಲ್‌ನಲ್ಲಿ ಸಿಯಾಟಲ್‌ನ ಫೆಡರಲ್ ಕೋರ್ಟಿನಲ್ಲಿ ವಾಲ್ವ್ ಮೇಲೆ ಕೇಸು ಹಾಕಿತು. ಅದೇ ವರ್ಷ ನವೆಂಬರ್‌ನಲ್ಲಿ ನ್ಯಾಯಾಧೀಶರು ಮೊದಲ ದೂರನ್ನು ತಳ್ಳಿಹಾಕಿದರು. ಅವರು ಎತ್ತಿದ ಒಂದು ಮಾತು ಇದು: ಸ್ಟೀಮ್ ಇಷ್ಟು ಬೆಳೆಯುವ ಮೊದಲೂ ಕಮಿಷನ್ ಇಷ್ಟೇ ಇತ್ತಲ್ಲ, ಬಲ ಬಂದ ಮೇಲೆ ಏರಿಸಿದ್ದಲ್ಲವಲ್ಲ? ಒಳ್ಳೆಯ ಪ್ರಶ್ನೆ. ತಿದ್ದಿದ ದೂರು ಬಂದ ಮೇಲೆ 2022ರ ಮೇ ತಿಂಗಳಲ್ಲಿ ಕೇಸಿನ ಮುಖ್ಯ ಭಾಗಕ್ಕೆ ದಾರಿ ಸಿಕ್ಕಿತು. 2024ರ ನವೆಂಬರ್‌ನಲ್ಲಿ, 2017ರ ಜನವರಿ ಕೊನೆಯಿಂದೀಚೆಗೆ ಸ್ಟೀಮ್‌ಗೆ ಕಮಿಷನ್ ಕಟ್ಟಿದ ಡೆವಲಪರ್‌ಗಳೆಲ್ಲರ (ಗೇಮ್ ಮಾಡುವವರ) ಪರವಾಗಿ ಒಂದೇ ಸಾಮೂಹಿಕ ದಾವೆಯಾಗಿ ನಡೆಸಲು ಕೋರ್ಟು ಒಪ್ಪಿತು.

ಆ ಕೇಸಿಗೆ ಜೀವ ಕೊಟ್ಟದ್ದು ಕಮಿಷನ್ ಅಲ್ಲ, ಬೆಲೆಯ ಷರತ್ತು. ‘ನಮ್ಮಲ್ಲಿ ಇಟ್ಟ ಗೇಮನ್ನು ಬೇರೆ ಕಡೆ ಇದಕ್ಕಿಂತ ಕಡಿಮೆಗೆ ಮಾರಬೇಡಿ’ ಅಂತ ವಾಲ್ವ್ ಡೆವಲಪರ್‌ಗಳ ಮೇಲೆ ಒತ್ತಡ ಹಾಕುತ್ತದೆ ಅನ್ನುವುದು ಆರೋಪ. ವಾಲ್ವ್ ಇದನ್ನು ಒಪ್ಪುವುದಿಲ್ಲ.

ಇದು ಯಾಕೆ ಮುಖ್ಯ ಅಂತ ಒಂದು ಲೆಕ್ಕ ಹಾಕಿ ನೋಡೋಣ. ತೆರಿಗೆ ಬದಿಗಿಡಿ. ಗೇಮ್ ಸ್ಟೀಮ್‌ನಲ್ಲಿ ₹1,000 ಅಂದುಕೊಳ್ಳಿ. ವಾಲ್ವ್‌ಗೆ ₹300, ಮಾಡಿದವರಿಗೆ ₹700. ಎಪಿಕ್ 2018ರ ಡಿಸೆಂಬರ್‌ನಲ್ಲಿ ಅಂಗಡಿ ತೆರೆದದ್ದು 12% ಕಮಿಷನ್‌ಗೆ. ಅಲ್ಲಿ ಅದೇ ಗೇಮನ್ನು ₹800ಕ್ಕೆ ಇಟ್ಟರೆ ಅಂಗಡಿಗೆ ₹96 ಹೋಗಿ, ಮಾಡಿದವರಿಗೆ ₹704 ಉಳಿಯುತ್ತದೆ. ಕೊಂಡವರಿಗೆ ₹200 ಉಳಿತಾಯ, ಮಾಡಿದವರಿಗೂ ನಾಲ್ಕು ರೂಪಾಯಿ ಹೆಚ್ಚು. ಕಡಿಮೆ ಕಮಿಷನ್‌ನ ಅಂಗಡಿ ಗಿರಾಕಿಯನ್ನು ಎಳೆಯಬೇಕಾದದ್ದು ಆ ₹200ರಿಂದ. ಈಗ ಎರಡೂ ಕಡೆ ₹1,000 ಇರಲೇಬೇಕು ಅಂತಾದರೆ ಆ ₹200 ಕೊಳ್ಳುವವರ ಕಣ್ಣಿಗೆ ಬೀಳುವುದೇ ಇಲ್ಲ. ಗೆಳೆಯರು, ಸೇವ್ ಫೈಲ್, ಹಳೆಯ ಲೈಬ್ರರಿ ಎಲ್ಲ ಇರುವ ಜಾಗ ಬಿಟ್ಟು ಅವರು ಯಾಕೆ ಹೋಗುತ್ತಾರೆ? ಹೋಗುವುದಿಲ್ಲ. ಹೊಸ ಅಂಗಡಿ ಕಮಿಷನ್ ಸೊನ್ನೆಗಿಳಿಸಿದರೂ ಹೋಗುವುದಿಲ್ಲ. 30% ಸರಿಯೋ ತಪ್ಪೋ ಅನ್ನುವುದನ್ನು ಮಾರುಕಟ್ಟೆ ತೀರ್ಮಾನಿಸಬೇಕಿತ್ತು, ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಷರತ್ತು ನಿಜವಾಗಿಯೂ ಇದ್ದು, ಅದನ್ನು ಜಾರಿ ಮಾಡಿದ್ದು ಸಾಬೀತಾದರೆ, ನಾನು ಅದನ್ನು ದುರುಪಯೋಗ ಅಂತಲೇ ಕರೆಯುತ್ತೇನೆ.

ಇದಕ್ಕೆ ನಮ್ಮಲ್ಲೇ ಒಂದು ಹತ್ತಿರದ ಉದಾಹರಣೆ ಇದೆ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಅಂದರೆ ಸಿಸಿಐ, ಮೇಕ್‌ಮೈಟ್ರಿಪ್-ಗೋಐಬಿಬೋಗೆ ₹223.48 ಕೋಟಿ ದಂಡ ಹಾಕಿತು. ಹೋಟೆಲಿನವರು ಬೇರೆ ಬುಕಿಂಗ್ ಆ್ಯಪ್‌ನಲ್ಲಿ ಇದಕ್ಕಿಂತ ಕಡಿಮೆ ದರಕ್ಕೆ ರೂಮು ಕೊಡಬಾರದು ಅನ್ನುವ ಷರತ್ತು ಆ ಆದೇಶದ ಒಂದು ಮುಖ್ಯ ಕಾರಣ. ರೂಮಿನ ಜಾಗದಲ್ಲಿ ಗೇಮ್ ಇಟ್ಟು ಓದಿದರೆ ವುಲ್ಫೈರ್ ವಾದ ಬಹುಮಟ್ಟಿಗೆ ಅದೇ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯ):
ಮೇಡಂ, ಒಂದು ಆಕ್ಷೇಪಣೆ. ಮೈನ್‌ಕ್ರಾಫ್ಟ್, ಫೋರ್ಟ್‌ನೈಟ್, ವ್ಯಾಲರಂಟ್, ರೋಬ್ಲಾಕ್ಸ್ ಯಾವುದೂ ಸ್ಟೀಮ್‌ನಲ್ಲಿ ಇಲ್ಲ. ಜಗತ್ತಿನ ಅತಿ ದೊಡ್ಡ ಗೇಮ್‌ಗಳೇ ಹೊರಗಿವೆ. ಜೊತೆಗೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊದಂಥ ಗೇಮ್ ಯಂತ್ರಗಳು, ಅಂದರೆ ಕನ್ಸೋಲ್‌ಗಳು, ಮತ್ತೆ ಮೊಬೈಲ್. ಎಲ್ಲ ಸೇರಿಸಿದರೆ ಸ್ಟೀಮ್ ಪಾಲು ಚಿಕ್ಕದೇ ಅಲ್ಲವೇ?

ವಕೀಲರ ಉತ್ತರ:
ವಾಲ್ವ್ ಪರ ವಕೀಲರಾಗಿದ್ದರೆ ನಾನೂ ಇಲ್ಲಿಂದಲೇ ಶುರು ಮಾಡುತ್ತಿದ್ದೆ. ಇಂಥ ಕೇಸುಗಳಲ್ಲಿ ಅರ್ಧ ಯುದ್ಧ ನಡೆಯುವುದು ‘ಯಾವ ಮಾರುಕಟ್ಟೆ’ ಅನ್ನುವುದರ ಮೇಲೆ.

ಇದಕ್ಕೆ ನಾವು ಬಳಸುವ ಪರೀಕ್ಷೆ ಹೀಗಿದೆ. ಪಿಸಿ ಗೇಮ್ ಅಂಗಡಿಗಳೆಲ್ಲ ಒಬ್ಬರದೇ ಕೈಯಲ್ಲಿವೆ ಅಂದುಕೊಳ್ಳಿ. ಅವರು ಬೆಲೆಯನ್ನು 5ರಿಂದ 10% ಏರಿಸಿ ಹಾಗೇ ಇಟ್ಟರೆ, ಲಾಭ ಕಳೆದುಕೊಳ್ಳುವಷ್ಟು ಜನ ಬಿಟ್ಟು ಹೋಗುತ್ತಾರಾ? ಹೋದರೆ ಅವರು ಹೋದ ಜಾಗವೂ ಅದೇ ಮಾರುಕಟ್ಟೆಯ ಭಾಗ. ₹1,000ದ ಗೇಮ್ ₹1,080 ಆಯಿತು ಅಂತ ಯಾರೂ ಹೊಸ ಪ್ಲೇಸ್ಟೇಷನ್ ಕೊಳ್ಳುವುದಿಲ್ಲ. ಕೈಯಲ್ಲಿ ಪಿಸಿ ಇದೆ, ಗ್ರಾಫಿಕ್ಸ್ ಕಾರ್ಡಿಗೆ ಆಗಲೇ ದುಡ್ಡು ಸುರಿದಾಗಿದೆ. ಹಾಗಾಗಿ ಕನ್ಸೋಲ್ ಬೇರೆ ಮಾರುಕಟ್ಟೆ ಅನ್ನುವುದು ನನ್ನ ಅಭಿಪ್ರಾಯ. ಮೊಬೈಲ್ ಇನ್ನೂ ದೂರ.

ಫೋರ್ಟ್‌ನೈಟ್, ವ್ಯಾಲರಂಟ್ ವಿಷಯ ಮಾತ್ರ ಸುಲಭದ್ದಲ್ಲ. ಅವು ಪಿಸಿಯಲ್ಲೇ ಇವೆ, ಸ್ವಂತ ಲಾಂಚರ್‌ನಲ್ಲಿ (ಗೇಮ್ ಇಳಿಸಿ ತೆರೆಯುವ ಆ್ಯಪ್‌ನಲ್ಲಿ) ಕೋಟ್ಯಂತರ ಜನರನ್ನು ಇಟ್ಟುಕೊಂಡಿವೆ. ಆಟಗಾರರ ಸಮಯಕ್ಕಾಗಿ ಸ್ಟೀಮ್ ಜೊತೆ ಪೈಪೋಟಿ ಇರುವುದು ನಿಜ. ಆದರೆ ವ್ಯಾಲರಂಟ್ ಲಾಂಚರ್ ಬೇರೆ ಯಾರೋ ಮಾಡಿದ ಇಂಡೀ ಗೇಮನ್ನು, ಅಂದರೆ ಸಣ್ಣ ಸ್ವತಂತ್ರ ತಂಡದ ಗೇಮನ್ನು, ಮಾರಿಕೊಡುವುದಿಲ್ಲ. ಸಣ್ಣ ಸ್ಟುಡಿಯೋದವರಿಗೆ ಅದು ಸ್ಟೀಮ್‌ಗೆ ಬದಲಿ ಅಲ್ಲವೇ ಅಲ್ಲ. ವುಲ್ಫೈರ್ ಕೇಸಿನಲ್ಲಿ ದೂರುದಾರರು ಆಟಗಾರರಲ್ಲ, ಡೆವಲಪರ್‌ಗಳು ಅನ್ನುವುದನ್ನು ನೆನಪಿಡಿ. ‘ಆಡಲು ಏನೆಲ್ಲ ಇದೆ’ ಅನ್ನುವುದಕ್ಕೂ ‘ಮಾರಲು ಎಲ್ಲಿಗೆ ಹೋಗಬಹುದು’ ಅನ್ನುವುದಕ್ಕೂ ಉತ್ತರ ಒಂದೇ ಅಲ್ಲ.

ವಾಲ್ವ್ ಪರವಾಗಿ ಇನ್ನೊಂದು ಬಲವಾದ ಮಾತಿದೆ, ಹೇಳಿಬಿಡುತ್ತೇನೆ. ವಿಂಡೋಸ್ ವಾಲ್ವ್‌ನದ್ದಲ್ಲ. ಐಫೋನಿನಲ್ಲಿ ಆ್ಯಪಲ್ ಬಾಗಿಲು ಕಾದ ಹಾಗೆ ಇಲ್ಲಿ ಯಾರೂ ಕಾಯುತ್ತಿಲ್ಲ. ಯಾವ ವೆಬ್‌ಸೈಟಿನಿಂದಲಾದರೂ ಗೇಮ್ ಇಳಿಸಿಕೊಳ್ಳಬಹುದು. ಪ್ಲೇ ಸ್ಟೋರ್ ಬಿಲ್ಲಿಂಗ್ ವಿಷಯದಲ್ಲಿ ಸಿಸಿಐ 2022ರಲ್ಲಿ ಗೂಗಲ್‌ಗೆ ₹936.44 ಕೋಟಿ ದಂಡ ಹಾಕಿದ್ದು, ಆಮೇಲೆ 2025ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎನ್‌ಸಿಎಲ್‌ಎಟಿ ಅದನ್ನು ₹216.69 ಕೋಟಿಗೆ ಇಳಿಸಿದ್ದು ನಿಮಗೆ ಗೊತ್ತಿರಬಹುದು. ಅಲ್ಲಿ ಆ್ಯಪ್ ಮಾಡಿದವರು ಗೂಗಲ್‌ನದ್ದೇ ಬಿಲ್ಲಿಂಗ್ ಬಳಸಬೇಕೆಂಬ ಕಟ್ಟುಪಾಡಿತ್ತು. ಸ್ಟೀಮ್ ಮೇಲಿನ ಕೇಸು ಅದಕ್ಕಿಂತ ಕಷ್ಟದ್ದು.

ಪ್ರಶ್ನೆ (ಬೆಂಗಳೂರಿನ ಇಂಡೀ ಡೆವಲಪರ್):
ಮೇಡಂ, ನಾನೂ ಗೆಳತಿಯೂ ಸೇರಿ ಒಂದು ಪಜಲ್ ಗೇಮ್ ಮಾಡುತ್ತಿದ್ದೇವೆ. ಸ್ಟೀಮ್‌ನಲ್ಲಿ ₹500ಕ್ಕೆ ಇಟ್ಟು, ಇಚ್.ಐಒ ಅನ್ನುವ ಇಂಡೀ ಗೇಮ್ ಅಂಗಡಿಯಲ್ಲಿ ₹400ಕ್ಕೆ ಮಾರಬಹುದಾ? ತೊಂದರೆ ಆಗುತ್ತಾ?

ವಕೀಲರ ಉತ್ತರ:
ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ, ಜನ ಎಡವುವುದೇ ಇಲ್ಲಿ.

ಸ್ಟೀಮ್ ಕೀ ಅಂತ ಇದೆಯಲ್ಲ, ಗೇಮನ್ನು ಸ್ಟೀಮ್ ಖಾತೆಗೆ ಸೇರಿಸುವ ಕೋಡ್, ಅದನ್ನು ಡೆವಲಪರ್ ವಾಲ್ವ್‌ನಿಂದ ಉಚಿತವಾಗಿ ಪಡೆದು ಹೊರಗಡೆ ಮಾರಬಹುದು. ಆ ಮಾರಾಟದಲ್ಲಿ ವಾಲ್ವ್ ಒಂದು ಪೈಸೆಯನ್ನೂ ಮುಟ್ಟುವುದಿಲ್ಲ, ಆದರೆ ಗೇಮ್ ಇಳಿಯುವುದು, ಅಪ್‌ಡೇಟ್ ಆಗುವುದು ಅವರ ಸರ್ವರ್‌ನಿಂದಲೇ. ಅದಕ್ಕೆ ಪ್ರತಿಯಾಗಿ ಅವರು ಕೇಳುವುದು, ಸ್ಟೀಮ್ ಗಿರಾಕಿಗಳಿಗೆ ಇದಕ್ಕಿಂತ ಕೆಟ್ಟ ಬೆಲೆ ಕೊಡಬೇಡಿ ಅಂತ. ಬೇರೆ ಕಡೆ ಮೊದಲು ರಿಯಾಯಿತಿ ಕೊಟ್ಟರೂ, ತಕ್ಕ ಸಮಯದೊಳಗೆ ಸ್ಟೀಮ್‌ನಲ್ಲೂ ಅಂಥದ್ದೇ ಕೊಡಿ ಅಂತ. ಇದು ಅವರ ಬಹಿರಂಗ ನಿಯಮ. ಇದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ. ಖರ್ಚು ಅವರದು, ಷರತ್ತೂ ಅವರದು.

ಜಗಳ ಇರುವುದು ಸ್ಟೀಮ್ ಕೀ ಇಲ್ಲದ ಮಾರಾಟದಲ್ಲಿ. ಅಂದರೆ ನಿಮ್ಮ ಇಚ್.ಐಒ ಪ್ರತಿ: ಸ್ಟೀಮ್‌ನ ಸರ್ವರ್ ಇಲ್ಲ, ಕೀ ಇಲ್ಲ, ಏನೂ ಇಲ್ಲ. ಅಲ್ಲಿಯೂ ಬೆಲೆ ಕಡಿಮೆ ಮಾಡಿದರೆ ಗೇಮನ್ನು ಸ್ಟೀಮ್‌ನಿಂದ ತೆಗೆಯುತ್ತೇವೆ ಅಂತ ತಮಗೆ ಹೇಳಿದರು ಅನ್ನುವುದು ವುಲ್ಫೈರ್ ಮುಖ್ಯಸ್ಥರ ಆರೋಪ. ವಾಲ್ವ್ ಬಳಸದ ಮಾರಾಟಕ್ಕೂ ವಾಲ್ವ್‌ನ ಷರತ್ತು ಯಾಕೆ ಅನ್ನುವ ಪ್ರಶ್ನೆಗೆ ನನಗೆ ಈವರೆಗೆ ತೃಪ್ತಿಕರ ಉತ್ತರ ಕಂಡಿಲ್ಲ.

ನಿಮಗೆ ನನ್ನ ಸಲಹೆ: ಬಿಡುಗಡೆಗೆ ಮೊದಲೇ ನಿಮ್ಮ ಒಪ್ಪಂದವನ್ನು ಪೂರ್ತಿ ಓದಿ. ಆಮೇಲೆ ‘ಕೀ ಇಲ್ಲದ ಪ್ರತಿಯನ್ನು ಬೇರೆ ಕಡೆ ಈ ಬೆಲೆಗೆ ಮಾರುವ ಯೋಚನೆ ಇದೆ’ ಅಂತ ಅವರ ಸಪೋರ್ಟ್ ವಿಭಾಗಕ್ಕೆ ಬರೆದು ಕೇಳಿ. ಉತ್ತರ ಬರವಣಿಗೆಯಲ್ಲೇ ಬರಲಿ, ಅದನ್ನು ಜೋಪಾನವಾಗಿಡಿ. ಸ್ಟೀಮ್ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಒಂದು ಗೇಮಿಗೆ ಅವರು ಕೇಳುವ 100 ಡಾಲರ್ ಶುಲ್ಕವೂ 1,000 ಡಾಲರ್ ವ್ಯಾಪಾರ ಆದ ಮೇಲೆ ವಾಪಸು ಬರುತ್ತದೆ. ನೋವು ಇರುವುದು ವಿಶ್‌ಲಿಸ್ಟ್‌ನಲ್ಲಿ, ಅಂದರೆ ಗೇಮ್ ಮುಂದೆ ಕೊಳ್ಳಬೇಕು ಅಂತ ಸ್ಟೀಮ್‌ನಲ್ಲಿ ಗುರುತು ಹಾಕಿಕೊಂಡವರ ಪಟ್ಟಿಯಲ್ಲಿ. ವರ್ಷಗಟ್ಟಲೆ ಪ್ರಚಾರ ಮಾಡಿ ನೀವು ಸೇರಿಸಿದ ಆ ಸಾವಿರಾರು ಜನರ ಇಮೇಲ್ ನಿಮ್ಮ ಕೈಗೆ ಸಿಗುವುದಿಲ್ಲ. ರಿಯಾಯಿತಿಯ ಸುದ್ದಿ ಅವರಿಗೆ ಹೋಗುವುದು ಸ್ಟೀಮ್ ಮೂಲಕವೇ. ಹಾಗಾಗಿ ಒಂದು ಸ್ವಂತ ಮೇಲಿಂಗ್ ಪಟ್ಟಿಯನ್ನೂ ಇವತ್ತಿನಿಂದಲೇ ಕಟ್ಟಿಕೊಳ್ಳಿ.

ಪ್ರತಿಕ್ರಿಯೆ (ಶಿವಮೊಗ್ಗದ ಸದಸ್ಯ):
ಮೇಡಂ, ಗೌರವದಿಂದಲೇ ಹೇಳುತ್ತೇನೆ, ಸ್ಟೀಮ್ ನಮಗೆ ಏನು ಕೆಟ್ಟದ್ದು ಮಾಡಿದೆ? 2015ರಲ್ಲಿ ರೂಪಾಯಿಯಲ್ಲಿ ಬೆಲೆ ಕೊಟ್ಟರು. ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ 14 ದಿನದೊಳಗೆ ರೀಫಂಡ್. ವರ್ಷಕ್ಕೆ ಎಷ್ಟೋ ಸೇಲ್. ಲಿನಕ್ಸ್‌ನಲ್ಲಿ ಗೇಮ್ ಓಡುವ ಹಾಗೆ ಮಾಡಿದ್ದೂ ಅವರೇ. ಎಪಿಕ್ ಮಾತ್ರ ದುಡ್ಡು ಕೊಟ್ಟು ಎಕ್ಸ್‌ಕ್ಲೂಸಿವ್ (ತನ್ನಲ್ಲಿ ಮಾತ್ರ ಮಾರುವ ಹಕ್ಕು) ಕೊಂಡು ನಮಗೆ ಕಿರಿಕಿರಿ ಮಾಡಿತು. ಒಳ್ಳೆಯವರನ್ನೇ ಕೋರ್ಟಿಗೆ ಎಳೆಯಬೇಕಾ?

ವಕೀಲರ ಉತ್ತರ:
ನೀವು ಹೇಳಿದ ಅನುಕೂಲಗಳೆಲ್ಲ ನಿಜ, ಕೋರ್ಟು ಅವನ್ನೂ ತೂಗಿ ನೋಡುತ್ತದೆ. ಆದರೆ ರೀಫಂಡ್ ಬಗ್ಗೆ ಒಂದು ಮಾತು. ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಇದೇ ವಿಷಯಕ್ಕೆ 2014ರಲ್ಲಿ ವಾಲ್ವ್ ಮೇಲೆ ಕೇಸು ಹಾಕಿತ್ತು. ರೀಫಂಡ್ ನಿಯಮ ಬಂದದ್ದು 2015ರ ಜೂನ್‌ನಲ್ಲಿ. 2016ರ ಡಿಸೆಂಬರ್‌ನಲ್ಲಿ ಅಲ್ಲಿನ ಫೆಡರಲ್ ಕೋರ್ಟು 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಯುರೋಪಿನಲ್ಲೂ 2021ರ ಜನವರಿಯಲ್ಲಿ ವಾಲ್ವ್ ಮತ್ತು ಐದು ಪಬ್ಲಿಷರ್‌ಗಳಿಗೆ ಒಟ್ಟು 78 ಲಕ್ಷ ಯೂರೋ ದಂಡ ಬಿತ್ತು. ಪೋಲೆಂಡ್, ಹಂಗೇರಿಯಂಥ ದೇಶಗಳಲ್ಲಿ ಅಗ್ಗಕ್ಕೆ ಮಾರಿದ ಕೀ ಯುರೋಪಿನ ಬೇರೆ ದೇಶಗಳಲ್ಲಿ ಕೆಲಸ ಮಾಡದ ಹಾಗೆ ಬೀಗ ಹಾಕಿದ್ದಕ್ಕೆ. ಒಳ್ಳೆಯ ಸೇವೆ ಕೊಡುವ ಕಂಪನಿಗೂ ಕಾನೂನಿನ ಕಣ್ಗಾವಲು ಬೇಕು.

ಎಪಿಕ್ ವಿಷಯಕ್ಕೆ ಬರೋಣ, ಅದು ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. 2019ರಲ್ಲಿ ಮೆಟ್ರೋ ಎಕ್ಸೋಡಸ್ ಎಂಬ ಗೇಮ್ ಸ್ಟೀಮ್ ಬಿಟ್ಟು ಎಪಿಕ್‌ಗೆ ಹೋದಾಗ ಅಮೆರಿಕದಲ್ಲಿ ಅದರ ಬೆಲೆ 60 ಡಾಲರ್‌ನಿಂದ 50ಕ್ಕೆ ಇಳಿಯಿತು. ಕಮಿಷನ್ ಇಳಿದರೆ ಬೆಲೆ ಇಳಿಯಬಹುದು ಅನ್ನುವುದಕ್ಕೆ ಇದೇ ಉದಾಹರಣೆ. ಅದೇ ವರ್ಷ ಬಾರ್ಡರ್‌ಲ್ಯಾಂಡ್ಸ್ 3 ಕೂಡ ಎಪಿಕ್‌ನಲ್ಲಿ ಮಾತ್ರ ಬಂತು, ಬೆಲೆ ಮಾತ್ರ ಪೂರ್ತಿ 60 ಡಾಲರ್. ಆಗ ಸ್ಟೀಮ್ ಷರತ್ತಿನ ಭಯವೂ ಇರಲಿಲ್ಲ. ಆದರೂ ಉಳಿದ ಕಮಿಷನ್ ಪಬ್ಲಿಷರ್ ಜೇಬಿಗೆ ಹೋಯಿತೇ ಹೊರತು ಆಟಗಾರರಿಗೆ ಬರಲಿಲ್ಲ. ಬ್ರಿಟನ್ನಿನಲ್ಲಿ 2024ರ ಜೂನ್‌ನಲ್ಲಿ ಸುಮಾರು 1.4 ಕೋಟಿ ಗ್ರಾಹಕರ ಪರವಾಗಿ 65.6 ಕೋಟಿ ಪೌಂಡ್ ಕೇಳಿ ದಾವೆ ಹೂಡಿದ್ದಾರಲ್ಲ, ಅವರಿಗೆ ದೊಡ್ಡ ಸವಾಲೇ ಇದು. ಗ್ರಾಹಕರು ಹೆಚ್ಚು ತೆತ್ತರು ಅಂತ ತೋರಿಸಲು, ಕಮಿಷನ್ ಕಡಿಮೆ ಇದ್ದಿದ್ದರೆ ಬೆಲೆ ಇಳಿಯುತ್ತಿತ್ತು ಅಂತ ಮೊದಲು ತೋರಿಸಬೇಕು. ಡೆವಲಪರ್‌ಗಳ ಕೇಸು ನನಗೆ ಇದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಅವರ ನಷ್ಟ ಅವರ ಲೆಕ್ಕದಲ್ಲೇ ಇದೆ.

ಕಮಿಷನ್ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರ ತರಿಸುವುದು ಇನ್ನೊಂದು. 2018ರಲ್ಲಿ ವಾಲ್ವ್ ಕಮಿಷನ್ ಇಳಿಸಿದ್ದು ಯಾರಿಗೆ? ಒಂದು ಗೇಮಿನಿಂದ 1 ಕೋಟಿ ಡಾಲರ್ ದಾಟಿದ ವ್ಯಾಪಾರಕ್ಕೆ 25%, 5 ಕೋಟಿ ದಾಟಿದ್ದಕ್ಕೆ 20%. ಬಿಟ್ಟು ಹೋಗುವ ತಾಕತ್ತು ಇದ್ದವರಿಗೆ ರಿಯಾಯಿತಿ ಸಿಕ್ಕಿತು, ಇಬ್ಬರೇ ಕೂತು ಪಜಲ್ ಗೇಮ್ ಮಾಡುವವರಿಗೆ ಪೂರ್ತಿ 30% ಹಾಗೇ ಉಳಿಯಿತು. ಇದು ಕಾನೂನುಬಾಹಿರ ಅಂತ ನಾನು ಹೇಳುತ್ತಿಲ್ಲ. ಪೈಪೋಟಿಯ ಬಿಸಿ ಎಲ್ಲಿ ತಟ್ಟುತ್ತದೋ ಅಲ್ಲಿ ಮಾತ್ರ ದರ ಕದಲುತ್ತದೆ ಅನ್ನುವುದು ಇದರಲ್ಲಿ ಕಾಣುತ್ತದೆ.

ಪ್ರಶ್ನೆ (ಸಿಯಾಟಲ್‌ನಲ್ಲಿರುವ ಸದಸ್ಯ):
ಕೇಸು ಸೋತರೆ ಸ್ಟೀಮ್ ಮುಚ್ಚಿಹೋಗುತ್ತಾ? ನನ್ನ ಲೈಬ್ರರಿಯ ಗತಿ?

ವಕೀಲರ ಉತ್ತರ:
ಮುಚ್ಚುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಸಾಬೀತಾದ ನಷ್ಟದ ಮೂರು ಪಟ್ಟು ಪರಿಹಾರ ಸಿಗುತ್ತದೆ, ಜೊತೆಗೆ ಆ ನಡವಳಿಕೆ ನಿಲ್ಲಿಸಿ ಅಂತ ಆದೇಶ ಬರಬಹುದು. ಲೈಬ್ರರಿಯ ವಿಷಯ ಬೇರೆಯೇ. ನೀವು ಕೊಂಡಿರುವುದು ಗೇಮ್ ಅಲ್ಲ, ಆಡುವ ಪರವಾನಗಿ. 2024ರ ಅಕ್ಟೋಬರ್‌ನಿಂದ ಸ್ಟೀಮ್ ಕಾರ್ಟಿನಲ್ಲೇ ಇದನ್ನು ಬರೆದು ತೋರಿಸುತ್ತಾರೆ. ಡಿಆರ್‌ಎಂ, ಅಂದರೆ ನಕಲು ತಡೆಯುವ ಡಿಜಿಟಲ್ ಬೀಗ, ಇಲ್ಲದ ಪ್ರತಿ ಬೇಕಾದರೆ ಜಿಒಜಿಯಲ್ಲಿ ಕೊಂಡು ಇನ್‌ಸ್ಟಾಲರ್ ಇಳಿಸಿಟ್ಟುಕೊಳ್ಳಿ.

ಪ್ರಶ್ನೆ (ಬೆಂಗಳೂರಿನ ಇಂಡೀ ಡೆವಲಪರ್):
ಕೊನೆಯದಾಗಿ ಮೇಡಂ, ನಮ್ಮಂಥವರು ಸಿಸಿಐಗೆ ಹೋಗಬಹುದಾ? ವಾಲ್ವ್ ಅಮೆರಿಕದ ಕಂಪನಿ ಅಲ್ಲವೇ?

ವಕೀಲರ ಉತ್ತರ:
ಹೋಗಬಹುದು. ಕೃತ್ಯ ಹೊರದೇಶದಲ್ಲಿ ನಡೆದಿದ್ದರೂ ಅದರ ಪರಿಣಾಮ ಭಾರತದ ಮಾರುಕಟ್ಟೆಯ ಮೇಲಿದ್ದರೆ ವಿಚಾರಣೆ ನಡೆಸುವ ಅಧಿಕಾರವನ್ನು 32ನೇ ಸೆಕ್ಷನ್ ಆಯೋಗಕ್ಕೆ ಕೊಟ್ಟಿದೆ. ಇಲ್ಲಿ ರೂಪಾಯಿಯಲ್ಲಿ ಬೆಲೆ ಕಟ್ಟಿ ಇಲ್ಲಿನ ಗಿರಾಕಿಗಳಿಗೆ ಮಾರುತ್ತಿರುವಾಗ ಆ ವಾದ ಕಷ್ಟವಲ್ಲ. ಯಾರು ಬೇಕಾದರೂ 19ನೇ ಸೆಕ್ಷನ್ ಅಡಿ ಮಾಹಿತಿ ಸಲ್ಲಿಸಬಹುದು, ಆದರೆ 2023ರ ತಿದ್ದುಪಡಿಯ ನಂತರ ಘಟನೆ ನಡೆದ ಮೂರು ವರ್ಷದೊಳಗೆ ಹೋಗಬೇಕು. ಮೇಲ್ನೋಟಕ್ಕೆ ಹುರುಳಿದೆ ಅನಿಸಿದರೆ ಆಯೋಗ ತನ್ನ ಮಹಾನಿರ್ದೇಶಕರಿಗೆ ತನಿಖೆ ಒಪ್ಪಿಸುತ್ತದೆ. ನಿಮ್ಮ ಹೆಸರು ಗೋಪ್ಯವಾಗಿಡಿ ಅಂತಲೂ ಕೇಳಿಕೊಳ್ಳಬಹುದು. ಗೇಮ್ ಇನ್ನೂ ಅದೇ ಅಂಗಡಿಯಲ್ಲಿ ಮಾರಾಟಕ್ಕಿರುವವರು ತಪ್ಪದೆ ಕೇಳಿಕೊಳ್ಳಿ.

ಬರೀ ‘ಸ್ಟೀಮ್ ದೊಡ್ಡದು, ಕಮಿಷನ್ ಜಾಸ್ತಿ’ ಅಂತ ಬರೆದುಕೊಂಡು ಹೋದರೆ ಮೊದಲ ಹಂತದಲ್ಲೇ ಮುಚ್ಚಿಹೋಗುತ್ತದೆ. ಬೇಕಾದದ್ದು ಬೆಲೆಯ ಒತ್ತಡಕ್ಕೆ ಕಾಗದದ ಸಾಕ್ಷಿ: ಯಾವ ದಿನ ಬೇರೆ ಕಡೆ ಎಷ್ಟು ಬೆಲೆ ಇಟ್ಟಿರಿ, ಅದಕ್ಕೆ ಯಾವ ಇಮೇಲ್ ಬಂತು, ಆಮೇಲೆ ಬೆಲೆ ಏರಿಸಿದಿರಾ, ಏರಿಸಿದ್ದರಿಂದ ಆ ಅಂಗಡಿಯಲ್ಲಿ ವ್ಯಾಪಾರ ಎಷ್ಟು ಬಿತ್ತು. ಅಂಥದ್ದು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಈ ಗುಂಪಿನಲ್ಲಿ ಹಾಕಬೇಡಿ. ನಿಮ್ಮ ಒಪ್ಪಂದದಲ್ಲಿ ಗೋಪ್ಯತೆಯ ಷರತ್ತು ಇದೆಯೇ ನೋಡಿಕೊಂಡು, ಮೊದಲು ಒಬ್ಬ ವಕೀಲರಿಗೆ ತೋರಿಸಿ.